ಹಲ್ಲು ಎಣಿಸುವವಳು

ಆಡೆನೌ. ಅಕ್ಟೋಬರಿನ ಭಾನುವಾರ. ನಾಲ್ಕು ಡಿಗ್ರಿ.
ನನ್ನ ಶೆಡ್ಡಿನಲ್ಲಿ ಎರಡು ಕಾರು ಪಕ್ಕಪಕ್ಕ,
ಮಾತು ಬಿಟ್ಟ ಸವತಿಯರ ಹಾಗೆ.

ಬಿಳಿಯದು ಪೋರ್ಷೆ. ಬೆನ್ನ ಮೇಲೆ ಎಂಜಿನ್ ಹೊತ್ತ
ಐನೂರು ಕುದುರೆಗಳ ಲಾಯ.
ಕ್ಲಚ್ಚಿನ ಕಾಟವಿಲ್ಲ, ಬೆರಳ ತುದಿಗೇ ಗೇರು,
ತಪ್ಪು ಮಾಡುವ ಮೊದಲೇ ತಿದ್ದುವ ಮೇಷ್ಟ್ರು.

ಹಳದಿಯದು ಲೋಟಸ್. ಹೆಸರಿಗೆ ತಾವರೆ,
ಕೂತರೆ ಕೆಸರು ಗೇಣು ದೂರ.
ಒಂಬೈನೂರು ಕಿಲೋ. ರೇಡಿಯೋ ಇಲ್ಲ.
ಮಳೆ ಬಂದರೆ ಎಡ ತೊಡೆ ಒದ್ದೆ.

ರೋಸ್ವಿಟಾ ಬಂದಳು ಮಾಯೆನ್‌ನಿಂದ, ಬಸ್ಸಿನಲ್ಲಿ.
ಐವತ್ತೇಳು. ಕಟ್ಟಿಸುವ ಹಲ್ಲು ಮಾಡುವ ಕೆಲಸ;
ಮೂವತ್ತು ವರ್ಷ ಬೇರೆಯವರ ನಗುವನ್ನು ಮೇಣದಲ್ಲಿ ಕೆತ್ತಿ
ಈಗ ಲ್ಯಾಬಿನ ಪಾಲು ಮಾರಿದ್ದಾಳೆ.
ಬಿಳಿಯದರ ಬೆಲೆಗೆ ಹಳದಿ ಮೂರು ಬರುತ್ತವೆ, ಅಂದೆ.
ಕೂರುವವಳು ಒಬ್ಬಳೇ, ಅಂದಳು.

ದಾನಕ್ಕೆ ಬಂದ ದನವಲ್ಲವಲ್ಲ,
ಹಲ್ಲು ಎಣಿಸಿಯೇ ತೀರುವೆನೆಂಬಂತೆ
ಹಳದಿಯ ಗೇರನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ
ಕಣ್ಣು ಮುಚ್ಚಿ ಸರಿಸಿದಳು.
'ಎರಡರಲ್ಲಿ ಹಲ್ಲು ಸವೆದಿದೆ.'
ಸವೆದಿತ್ತು. ನಾನು ಹೇಳಿರಲಿಲ್ಲ.

ಹೇಳಬೇಕಾದ ಉಳಿದದ್ದನ್ನೆಲ್ಲ ಹೇಳಿದೆ:
ಬ್ರೇಕ್ ಪ್ಯಾಡು, ಟೈರು, ಕೈ ತೊಳೆದುಕೊಳ್ಳುವ ವಿಮೆ,
ತಗಡಿನ ಬೇಲಿಗೆ ಗುದ್ದಿದರೆ ಮೀಟರಿನ ಲೆಕ್ಕದಲ್ಲಿ ಬಿಲ್ಲು,
ಎಳೆದು ತರುವ ನನ್ನ ಲಾರಿಗೆ ಬೇರೆ ಬಿಲ್ಲು,
ಪರಿಚಯದವರಿಗೆ ಹತ್ತು ಪರ್ಸೆಂಟ್ ಕಡಿಮೆ.
ಅವಳು ನಗಲಿಲ್ಲ. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಿದ್ದಳು.

ಮೊದಲ ಸುತ್ತು ಬಿಳಿಯದರಲ್ಲಿ.
ನರಿಬಿಲವೆಂಬ ಇಳಿಜಾರಿನ ತಳದಲ್ಲಿ
ಹೊಟ್ಟೆ ಗಂಟಲಿಗೆ ಬಂತು, ನನ್ನದು.
ಕಾರಿಗೆ ಎಲ್ಲ ಗೊತ್ತಿತ್ತು. ಒದ್ದೆ ಎಲೆ ಎಲ್ಲಿ,
ಎಷ್ಟು ಹಿಡಿಯಬೇಕು, ಯಾವಾಗ ಬಿಡಬೇಕು.
ಕೈಗವಸು ಕಳಚುತ್ತ ರೋಸ್ವಿಟಾ
'ಚೆನ್ನಾಗಿ ಓಡಿಸಿತು' ಅಂದಳು.
ನಾನು ಓಡಿಸಿದೆ, ಅನ್ನಲಿಲ್ಲ.

ಹಳದಿಯದರಲ್ಲಿ ಎಲ್ಲರೂ ನಮ್ಮನ್ನು ದಾಟಿದರು:
ಒಬ್ಬ ಡಚ್ಚಿನವನು, ಒಂದು ಹಸಿರು ಬೈಕು,
ಹಿಂದೆ ಮಗುವಿನ ಸೀಟು ಕಟ್ಟಿದ ಸ್ಟೇಷನ್ ವ್ಯಾಗನ್ನು.
ಕಾಂಕ್ರೀಟಿನ ತಿರುವಿನಲ್ಲಿ ಸ್ಟೀರಿಂಗು ಅವಳ ಅಂಗೈಗೆ ಗುದ್ದಿತು
ಕರು ಕೆಚ್ಚಲಿಗೆ ಗುದ್ದುವ ಹಾಗೆ.
ಎರಡಕ್ಕೆ ಹಾಕಿದಾಗಲೆಲ್ಲ ಕರಕರ.
ಅವಳು ಏನೋ ಗುನುಗುತ್ತಿದ್ದಳು, ಅಥವಾ ಬೈಯುತ್ತಿದ್ದಳು,
ಗಾಳಿಯಲ್ಲಿ ತಿಳಿಯಲಿಲ್ಲ.

ಇಳಿಯಲು ಬಾಗಿಲ ಚೌಕಟ್ಟು ಹಿಡಿದು ಹೊತ್ತಾಯಿತು.
ಎಡ ಮೊಣಕಾಲಿಗೆ ಮಾರ್ಚಿನಲ್ಲಿ ಆಪರೇಷನ್ನು,
ಆಗಲೇ ಹೇಳಿದ್ದು. ಹಾಗಿದ್ದರೆ
ಬುದ್ಧಿಯಿದ್ದವರು ಬಿಳಿಯದನ್ನು ಒಯ್ಯುತ್ತಾರೆ, ಅಂದೆ.
ನನಗೆ ಕಮಿಷನ್ ಹೆಚ್ಚು ಅದರಲ್ಲೇ.
ಅದನ್ನೂ ಹೇಳಿದೆ.

ಕಾಫಿ ಲೋಟಕ್ಕೆ ಎರಡು ಕೈ ಸುತ್ತಿ ಅಂದಳು:
'ಹೊಸ ಹಲ್ಲು ಕಟ್ಟಿಸಿಕೊಂಡವರು
ವಾರ ಬಿಟ್ಟು ಬಂದು ಏನು ಹೇಳುತ್ತಾರೆ ಗೊತ್ತೇ, ಎಗೊನ್?
ಚೆನ್ನಾಗಿ ಅಗಿಯುತ್ತದೆ ಅಮ್ಮಾ,
ರುಚಿ ಮಾತ್ರ ತಿಳಿಯೋದಿಲ್ಲ.
ನಾನು ಅದಕ್ಕೆ ಏನೂ ಮಾಡಲು ಬರುವುದಿಲ್ಲ,
ಇಷ್ಟು ವರ್ಷ ತಲೆಯಾಡಿಸಿದ್ದೇನೆ.'

ಹಳದಿಯ ಕೀಲಿ ಜೇಬಿಗೆ ಹಾಕಿದಳು.
ಮೊಣಕಾಲು ಸೋತರೆ? ಅಂದೆ.
ಆಗ ಮಾರುತ್ತೇನೆ, ಅಂದಳು. ನಿನಗೇ. ಕಡಿಮೆಗೆ.
ಎರಡನೇ ಗೇರು ರಿಪೇರಿ ಮಾಡಿಸಲೇ?
'ಮಾಡಿಸು. ಖರ್ಚು ನಿನ್ನದು.
ಸವೆದದ್ದನ್ನು ಬಾಯಿ ಬಿಟ್ಟು ಹೇಳಲಿಲ್ಲವಲ್ಲ.'

ಕಾರು ಕೊಡಲು ಇನ್ನೂ ಎರಡು ವಾರ.
ಶೆಟರ್ ಎಳೆಯುವಾಗ ಕಂಡಳು,
ಎದುರಿನ ಬಸ್ ಸ್ಟಾಪಿನ ಬೆಂಚಿನ ಮೇಲೆ,
ಮಂಜಿನಲ್ಲಿ ಅರ್ಧ ಅಳಿಸಿ.
ಎಡಗಾಲು ನೆಲವನ್ನು ಒತ್ತಿ ಬಿಡುತ್ತಿತ್ತು,
ಒತ್ತಿ, ಸ್ವಲ್ಪ ತಡೆದು, ಬಿಡುತ್ತಿತ್ತು.
ಬಸ್ಸು ಬಂದಿರಲಿಲ್ಲ.